ಯಾವ ದೇಶದ ಷೇರು ಮಾರ್ಕೆಟ್ ಯಾವಾಗ ಓಪನ್, ಯಾವಾಗ ರಜೆ: ನಮ್ಮ ಟೈಮಲ್ಲಿ ಲೆಕ್ಕ ಹಾಕೋದು ಹೇಗೆ

2024ರ ಏಪ್ರಿಲ್ 26, ಶುಕ್ರವಾರ. ಬೆಂಗಳೂರಲ್ಲಿ ಲೋಕಸಭೆ ಎಲೆಕ್ಷನ್, ಆಫೀಸು ಸ್ಕೂಲು ಎಲ್ಲ ರಜೆ, ಬೆಳಗ್ಗೆನೇ ಕ್ಯೂ ನಿಂತು ಓಟು ಹಾಕಿ ಬೆರಳಿಗೆ ಇಂಕು ಹಚ್ಚಿಸ್ಕೊಂಡು ಮನೆಗೆ ಬಂದು ಫೋನ್ ತೆಗೆದ್ರೆ ಷೇರು ಮಾರ್ಕೆಟ್ ಎಂದಿನ ಹಾಗೆ ಓಡ್ತಾ ಇತ್ತು. ಅದೇ ಮೇ 20, ಸೋಮವಾರ, ನಮಗೆ ಮಾಮೂಲಿ ಕೆಲಸದ ದಿನ. ನಮ್ಮ ಅತ್ತೆ ಮಗ ಒಂಬತ್ತೂವರೆಗೆ ಫೋನ್ ಮಾಡಿ "ಲೋ, ಆ್ಯಪ್ ಕೈ ಕೊಟ್ಟಿದೆ ಕಣೋ, ರೇಟೇ ಅಲ್ಲಾಡ್ತಿಲ್ಲ" ಅಂದ. ಆ್ಯಪ್‌ಗೆ ಏನೂ ಆಗಿರ್ಲಿಲ್ಲ. ಅವತ್ತು ಮುಂಬೈಲಿ ವೋಟಿಂಗ್, ಅದಕ್ಕೆ ಮಾರ್ಕೆಟ್‌ಗೇ ರಜೆ.

ಈ ಒಂದು ವಿಷಯ ತಲೇಲಿ ಕೂತ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಮುಗೀತು. ಮಾರ್ಕೆಟ್‌ನ ಟೈಮು, ಮಾರ್ಕೆಟ್‌ನ ರಜೆ ಎರಡೂ ಎಕ್ಸ್‌ಚೇಂಜ್ (ಷೇರು ಕೊಳ್ಳೋದು ಮಾರೋದು ನಡೆಸೋ ಸಂಸ್ಥೆ) ಇರೋ ಊರಿಂದು, ನಮ್ಮನೆ ಗೋಡೆಗೆ ತೂಗುಹಾಕಿರೋ ಕ್ಯಾಲೆಂಡರ್‌ದಲ್ಲ. ಮುಂಬೈ ಇರ್ಲಿ, ನ್ಯೂಯಾರ್ಕ್ ಇರ್ಲಿ, ಟೋಕಿಯೋ ಇರ್ಲಿ, ಇದೇ ರೂಲ್. ಈಗ ಬೆಂಗಳೂರಲ್ಲಿ ಕೆಲಸ ಮಾಡೋ ಎಷ್ಟೋ ಜನರ ಹತ್ರ ಅಮೆರಿಕಾ ಕಂಪನಿ ಕೊಟ್ಟಿರೋ ಷೇರುಗಳಿವೆ, ಇನ್ನು ಕೆಲವ್ರು ಆ್ಯಪ್‌ನಲ್ಲೇ ಡಾಲರ್‌ಗೆ ಷೇರು ತಗೋತಾರೆ, ದುಬೈಲಿರೋ ಅಣ್ಣಂದಿರು ಅಲ್ಲಿಂದಲೇ ಇಲ್ಲಿನ ಡಿಮ್ಯಾಟ್ (ಷೇರು ಇಡೋ ಅಕೌಂಟ್) ನೋಡ್ಕೋತಾರೆ. ಎಲ್ಲರಿಗೂ ಬರೋ ಪ್ರಶ್ನೆ ಒಂದೇ, "ಈಗ ಓಪನ್ ಇದ್ಯಾ? ನಾಳೆ ಇರತ್ತಾ?" ಇದನ್ನ ಬೇರೆಯವರನ್ನ ಕೇಳ್ದೆ ನೀವೇ ಲೆಕ್ಕ ಹಾಕೋ ಹಾಗೆ ಒಂದೊಂದೇ ಹೆಜ್ಜೆ ಬರೀತಿದೀನಿ, ಪಕ್ಕದಲ್ಲಿ ಒಂದು ಪೇಪರ್ ಪೆನ್ ಇಟ್ಕೊಳ್ಳಿ, ಕೊನೇಲಿ ಬೇಕಾಗತ್ತೆ.

ಹೆಜ್ಜೆ 1: ಮೊದಲು ಅಲ್ಲಿನ ಗಡಿಯಾರ, ಆಮೇಲೆ ನಮ್ಮದು

ಜಾಸ್ತಿ ಜನ ಮಾಡೋ ತಪ್ಪು ಏನಂದ್ರೆ "ಅಮೆರಿಕಾ ಮಾರ್ಕೆಟ್ ಸಂಜೆ 7ಕ್ಕೆ" ಅಂತ ನಮ್ಮ ಟೈಮನ್ನೇ ಬಾಯಿಪಾಠ ಮಾಡ್ಕೊಂಡಿರ್ತಾರೆ. ನವೆಂಬರ್ ಬಂದ್ರೆ ಅದು 8 ಆಗತ್ತೆ, ಆಗ ತಲೆ ಕೆಡತ್ತೆ. ಹಾಗ್ ಮಾಡ್ಬೇಡಿ. ನ್ಯೂಯಾರ್ಕ್‌ನ ಲೋಕಲ್ ಟೈಮ್ ನೆನಪಿಟ್ಕೊಳ್ಳಿ, ಬೆಳಗ್ಗೆ 9:30ರಿಂದ ಸಂಜೆ 4. ಅದು ವರ್ಷಪೂರ್ತಿ ಬದಲಾಗಲ್ಲ. ಬದಲಾಗೋದು ಅವರಿಗೂ ನಮಗೂ ಇರೋ ಅಂತರ ಮಾತ್ರ. ನಿಮ್ಮ ಫೋನಿನ ಕ್ಲಾಕ್ ಆ್ಯಪ್‌ನಲ್ಲಿ ವರ್ಲ್ಡ್ ಕ್ಲಾಕ್ ಅಂತ ಇರತ್ತಲ್ಲ, ಅದಕ್ಕೆ ಹೋಗಿ ನ್ಯೂಯಾರ್ಕ್, ಲಂಡನ್, ಟೋಕಿಯೋ, ಹಾಂಗ್‌ಕಾಂಗ್ ನಾಲ್ಕು ಊರು ಹಾಕಿಬಿಡಿ. ನ್ಯೂಯಾರ್ಕ್ ಮುಂದೆ 9:30 ಆಗಿದ್ಯಾ, ಮಾರ್ಕೆಟ್ ಓಪನ್. ಕೂಡೋದು ಕಳೆಯೋದು ಏನೂ ಬೇಡ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ವರ್ಷಪೂರ್ತಿ ಒಂದೇ ಟೈಮು, ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ. ಜಪಾನ್, ಚೀನಾ, ಹಾಂಗ್‌ಕಾಂಗ್, ಸಿಂಗಾಪುರ, ಗಲ್ಫ್ ದೇಶಗಳಲ್ಲೂ ಇಲ್ಲ, ಹಾಗಾಗಿ ಅವುಗಳ ಲೆಕ್ಕ ಒಂದ್ಸಲ ಬರ್ಕೊಂಡ್ರೆ ಸಾಕು. ಗಡಿಯಾರ ತಿರುಗಿಸೋದು ಅಮೆರಿಕಾ, ಬ್ರಿಟನ್, ಯೂರೋಪ್, ಆಸ್ಟ್ರೇಲಿಯಾದ ಸಿಡ್ನಿ ಕಡೆಯವ್ರು. ಗೊಂದಲ ಬರೋದೆಲ್ಲ ಈ ನಾಲ್ಕರಲ್ಲೇ.

ಹೆಜ್ಜೆ 2: ನಮ್ಮ ಮಾರ್ಕೆಟನ್ನ ಮೊದಲು ಸರಿಯಾಗಿ ತಿಳ್ಕೊಳ್ಳಿ

ಮುಂಬೈಲಿರೋ ನಮ್ಮ ಎಕ್ಸ್‌ಚೇಂಜ್‌ಗಳು ಎನ್‌ಎಸ್‌ಇ, ಬಿಎಸ್‌ಇ ಎರಡೂ ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30. ಅದಕ್ಕೆ ಮುಂಚೆ 9ರಿಂದ 9:15 ಪ್ರೀ ಓಪನ್, ಅಂದ್ರೆ ಆರ್ಡರ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ ಅವತ್ತಿನ ಓಪನಿಂಗ್ ರೇಟ್ ಎಷ್ಟು ಅಂತ ನಿಗದಿ ಮಾಡೋ ಹೊತ್ತು. 2010ಕ್ಕೆ ಮುಂಚೆ ಮಾರ್ಕೆಟ್ ಶುರುವಾಗ್ತಿದ್ದಿದ್ದೇ 9:55ಕ್ಕೆ, ಹಳೆ ಕಾಲದ ಬ್ರೋಕರ್‌ಗಳನ್ನ ಕೇಳಿ ನೋಡಿ, ಆಗಿನ ಬೆಳಗಿನ ತಿಂಡಿ ಕಾಫಿ ನೆಮ್ಮದಿ ಬಗ್ಗೆ ಹೇಳ್ತಾರೆ. ಇಂಟ್ರಾಡೇ (ಅವತ್ತು ಕೊಂಡಿದ್ದನ್ನ ಅವತ್ತೇ ಮಾರಿ ಮುಗಿಸೋದು) ಮಾಡೋರು ಮಾತ್ರ 3:30 ಅಂತ ಕಾಯ್ಬೇಡಿ, ಬ್ರೋಕರ್‌ಗಳು ಅದಕ್ಕಿಂತ ಸ್ವಲ್ಪ ಮುಂಚೆನೇ ತಾವಾಗೇ ಸ್ಕ್ವೇರ್ ಆಫ್ ಮಾಡ್ತಾರೆ, ಅಂದ್ರೆ ನಿಮ್ಮ ವ್ಯವಹಾರ ಮುಗಿಸಿಬಿಡ್ತಾರೆ, ನಿಮ್ಮ ಬ್ರೋಕರ್ ಎಷ್ಟು ಹೊತ್ತಿಗೆ ಮಾಡ್ತಾರೆ ಅಂತ ಅವರ ಆ್ಯಪ್‌ನಲ್ಲೇ ನೋಡ್ಕೊಳ್ಳಿ. ಮ್ಯೂಚುವಲ್ ಫಂಡ್ ಈಕ್ವಿಟಿ ಸ್ಕೀಮ್‌ಗೆ ಅವತ್ತಿನ ಎನ್‌ಎವಿ (ಒಂದು ಯೂನಿಟ್‌ನ ರೇಟು) ಬೇಕಂದ್ರೆ ಮಧ್ಯಾಹ್ನ 3 ಗಂಟೆ ಒಳಗೆ ಆರ್ಡರ್ ಹೋಗಿ ದುಡ್ಡೂ ಫಂಡ್ ಕೈಗೆ ಸೇರಿರಬೇಕು, ಬರೀ ಆರ್ಡರ್ ಹಾಕಿದ್ರೆ ಸಾಲದು.

ಚಿನ್ನ ಬೆಳ್ಳಿ ಕಚ್ಚಾ ತೈಲ ನಡೆಯೋ ಎಂಸಿಎಕ್ಸ್ ಬೇರೆ ಕಥೆ. ಬೆಳಗ್ಗೆ 9ಕ್ಕೆ ಶುರು, ರಾತ್ರಿ 11:30ರವರೆಗೆ, ಅಮೆರಿಕಾದಲ್ಲಿ ಚಳಿಗಾಲದ ಟೈಮ್ ನಡೀತಿದ್ರೆ 11:55ರವರೆಗೆ. ನಮ್ಮ ಗಡಿಯಾರ ಬದಲಾಗದಿದ್ರೂ ನಮ್ಮದೇ ಎಕ್ಸ್‌ಚೇಂಜ್‌ನ ಟೈಮು ನ್ಯೂಯಾರ್ಕ್ ನೋಡ್ಕೊಂಡು ಬದಲಾಗತ್ತೆ, ಯಾಕಂದ್ರೆ ಚಿನ್ನದ ರೇಟು ಆಡೋದೇ ಅಲ್ಲಿನ ಹೊತ್ತಲ್ಲಿ. ಷೇರು ಮಾರ್ಕೆಟ್‌ಗೆ ರಜೆ ಇರೋ ಎಷ್ಟೋ ದಿನ ಎಂಸಿಎಕ್ಸ್ ಬೆಳಗ್ಗೆ ಮಾತ್ರ ಮುಚ್ಚಿ ಸಂಜೆ 5ಕ್ಕೆ ತೆಗೆಯತ್ತೆ, ಇದು ಗೊತ್ತಿಲ್ದೆ ಪೊಸಿಷನ್ (ಇನ್ನೂ ಮುಗಿಸದ ವ್ಯವಹಾರ) ಬಿಟ್ಟು ಹಬ್ಬದ ಊಟ ಮಾಡಿ ಮಲಗಿದವರನ್ನ ನೋಡಿದೀನಿ.

ಈಗ ರಜೆಗೆ ಬರೋಣ. ನಮ್ಮವರಿಗೆ ಇಲ್ಲೇ ಜಾಸ್ತಿ ಏಟು. ಬೆಂಗಳೂರಿಗೂ ಒಂದು ಸ್ವಂತ ಸ್ಟಾಕ್ ಎಕ್ಸ್‌ಚೇಂಜ್ ಇತ್ತು, 1963ರಲ್ಲಿ ಶುರುವಾಗಿದ್ದು, ಜೆ.ಸಿ. ರಸ್ತೆಲಿ ಅದರ ಕಟ್ಟಡ. 2014ರಲ್ಲಿ ಮಾರ್ಕೆಟ್ ನಿಯಂತ್ರಿಸೋ ಸೆಬಿ ಅದಕ್ಕೆ ಬಾಗಿಲು ಹಾಕೋಕೆ ಅನುಮತಿ ಕೊಡ್ತು. ಈಗ ನಾವು ಇಲ್ಲಿ ಕೂತು ಷೇರು ಕೊಂಡ್ರೂ ಅದು ಮುಂಬೈ ಪಂಚಾಂಗದ ಪ್ರಕಾರವೇ ನಡಿಯೋದು. ಮೇ 1 ಮಹಾರಾಷ್ಟ್ರ ದಿನ ಅಂತ ಮಾರ್ಕೆಟ್ ರಜೆ. ನವೆಂಬರ್ 1 ಕನ್ನಡ ರಾಜ್ಯೋತ್ಸವಕ್ಕೆ ರಜೆ ಇಲ್ಲ. ಗಣೇಶನ ಹಬ್ಬಕ್ಕೆ ರಜೆ ಇದೆ. ಆಯುಧಪೂಜೆಗೆ ಇಲ್ಲ. 2025ರ ಅಕ್ಟೋಬರ್ 1 ನಮ್ಮಲ್ಲಿ ಗಾಡಿಗಳಿಗೆ ಬೂದುಗುಂಬಳಕಾಯಿ ಒಡೀತಿದ್ದ ದಿನ, ಮಾರ್ಕೆಟ್ ಓಪನ್ ಇದ್ದಿದ್ದು ಮಾತ್ರ ಅಲ್ಲ, ಆರ್‌ಬಿಐ ಬಡ್ಡಿದರದ ಪಾಲಿಸಿನೂ ಅವತ್ತೇ ಬಂತು. 2024ರ ಯುಗಾದಿ ಏಪ್ರಿಲ್ 9ಕ್ಕೆ, ಸೆನ್ಸೆಕ್ಸ್ ಮೊಟ್ಟಮೊದಲ ಸಲ 75,000 ದಾಟಿದ್ದು ಅವತ್ತೇ ಬೆಳಗ್ಗೆ, ಆಗ ಎಷ್ಟೋ ಮನೆಗಳಲ್ಲಿ ಬೇವು ಬೆಲ್ಲ ಹಂಚ್ತಾ ಇದ್ರು.

ದೀಪಾವಳಿ ಇನ್ನೂ ವಿಶೇಷ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20, ಕರ್ನಾಟಕದಲ್ಲಿ ಸರ್ಕಾರಿ ರಜೆ, ಮಾರ್ಕೆಟ್ ಓಪನ್. 21ಕ್ಕೆ ಲಕ್ಷ್ಮೀಪೂಜೆ, 22ಕ್ಕೆ ಬಲಿಪಾಡ್ಯಮಿ, ಎರಡು ದಿನ ರಜೆ. ಆದ್ರೆ 21ರಂದು ಒಂದು ಗಂಟೆ ಮುಹೂರ್ತ ಟ್ರೇಡಿಂಗ್ (ದೀಪಾವಳಿಗೆ ಶುಭ ಅಂತ ನಡೆಸೋದು) ಇತ್ತು, ಅದು ಮಧ್ಯಾಹ್ನ 1:45ರಿಂದ 2:45. ಹಿಂದಿನ ವರ್ಷ ಸಂಜೆ 6ರಿಂದ 7 ಇತ್ತಲ್ಲ ಅಂತ ಸಂಜೆ ದೀಪ ಹಚ್ಚಿ ಕೂತವರಿಗೆ ಮಾರ್ಕೆಟ್ ಮುಗಿದೇ ಹೋಗಿತ್ತು. ಹಾಗಾಗಿ ಮುಹೂರ್ತದ ಟೈಮ್ ಮಾತ್ರ ಪ್ರತಿ ವರ್ಷ ಸರ್ಕ್ಯುಲರ್ ನೋಡಿನೇ ನಂಬಿ. ಬಜೆಟ್‌ದೂ ಅಷ್ಟೇ, 2025ರ ಫೆಬ್ರವರಿ 1 ಶನಿವಾರ ಬಿದ್ದಿತ್ತು, ಆದ್ರೂ ಪೂರ್ತಿ ದಿನ ಮಾರ್ಕೆಟ್ ನಡೀತು.

ವರ್ಷದ ಮಧ್ಯದಲ್ಲಿ ದಿಢೀರ್ ಅಂತ ಸೇರೋ ರಜೆಗಳೂ ಇರತ್ವೆ. 2024ರ ಜನವರಿ 22 ಅಯೋಧ್ಯೆ ಪ್ರಾಣಪ್ರತಿಷ್ಠೆಗೆ ರಜೆ ಕೊಟ್ರು, ಅದಕ್ಕೆ ಬದಲು ಎರಡು ದಿನ ಮುಂಚಿನ ಶನಿವಾರ ಪೂರ್ತಿ ದಿನ ಟ್ರೇಡಿಂಗ್ ಮಾಡಿದ್ರು. ಡಿಸೆಂಬರ್‌ನಲ್ಲಿ ಬರೋ ಪಟ್ಟಿ ಒಂದೇ ನೋಡಿ ಸುಮ್ನಿದ್ರೆ ಇಂಥವು ತಪ್ಪಿಹೋಗತ್ವೆ, ತಿಂಗಳಿಗೊಂದ್ಸಲ ಎಕ್ಸ್‌ಚೇಂಜ್ ವೆಬ್‌ಸೈಟ್‌ನ ಹಾಲಿಡೇ ಪೇಜ್ ತೆಗೆದು ಕಣ್ಣು ಹಾಯಿಸಿ, ಎರಡು ನಿಮಿಷದ ಕೆಲಸ.

ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡೋರು ಇನ್ನೊಂದು ನೋಡ್ಕೋಬೇಕು. ಎನ್‌ಎಸ್‌ಇ ಇಂಡೆಕ್ಸ್ ನಿಫ್ಟಿಯ ಎಕ್ಸ್‌ಪೈರಿ, ಅಂದ್ರೆ ಆ ಕಾಂಟ್ರಾಕ್ಟ್ ಮುಗಿಯೋ ದಿನ, ಈಗ ಮಂಗಳವಾರ, ಸೆನ್ಸೆಕ್ಸ್‌ದು ಗುರುವಾರ. ಆ ದಿನ ರಜೆ ಬಂದ್ರೆ ಎಕ್ಸ್‌ಪೈರಿ ಮುಂದಕ್ಕೆ ಹೋಗಲ್ಲ, ಹಿಂದಿನ ಟ್ರೇಡಿಂಗ್ ದಿನಕ್ಕೆ ಬರತ್ತೆ. ಮಂಗಳವಾರ ಹಬ್ಬ ಅಂದ್ರೆ ಸೋಮವಾರವೇ ಲೆಕ್ಕ ಚುಕ್ತಾ.

ಹೆಜ್ಜೆ 3: ಟ್ರೇಡಿಂಗ್ ರಜೆ ಬೇರೆ, ಸೆಟ್ಲ್‌ಮೆಂಟ್ ರಜೆ ಬೇರೆ

ಇದನ್ನ ದಯವಿಟ್ಟು ನಿಧಾನವಾಗಿ ಓದಿ, ನಾನು ಇದನ್ನ ಕಲಿತಿದ್ದು ಕಷ್ಟಪಟ್ಟು.

2024, ಬರಗಾಲದ ವರ್ಷ. ದಾವಣಗೆರೆ ಹತ್ರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಒಣಗ್ತಾ ಇತ್ತು, ಹೊಸ ಬೋರ್ ಕೊರೆಸೋಕೆ ಲಾರಿಯವ್ರಿಗೆ ಏಪ್ರಿಲ್ 1 ಸೋಮವಾರ ದುಡ್ಡು ಕೊಡ್ತೀವಿ ಅಂತ ಮಾತಾಗಿತ್ತು. "ನೀವು ಚಿಂತೆ ಮಾಡ್ಬೇಡಿ ಚಿಕ್ಕಪ್ಪ, ನಾನು ಷೇರು ಮಾರಿ ಕಳಿಸ್ತೀನಿ" ಅಂತ ಹೇಳಿ ಮಾರ್ಚ್ 28 ಗುರುವಾರ ಮಾರ್ದೆ. ನಮ್ಮಲ್ಲಿ 2023ರ ಜನವರಿಯಿಂದ ಎಲ್ಲ ಷೇರಿಗೂ ಟಿ ಪ್ಲಸ್ ಒನ್, ಅಂದ್ರೆ ಮಾರಿದ ಮುಂದಿನ ಕೆಲಸದ ದಿನ ದುಡ್ಡು ಸೆಟ್ಲ್ ಆಗತ್ತೆ. 29 ಗುಡ್ ಫ್ರೈಡೇ, ರಜೆ. ಆಮೇಲೆ ಶನಿವಾರ ಭಾನುವಾರ. ಸೋಮವಾರ ಮಾರ್ಕೆಟ್ ಓಪನ್ ಇದೆ ಅಂತ ನೋಡ್ಕೊಂಡಿದ್ದೆ, ಹಾಗಾಗಿ ಸೋಮವಾರ ದುಡ್ಡು ಗ್ಯಾರಂಟಿ ಅಂತ ನಂಬಿದ್ದೆ. ಆದ್ರೆ ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಗಿಸೋ ದಿನ. ಷೇರು ಕೊಡೋದು ತಗೊಳ್ಳೋದು ನಡಿಯತ್ತೆ, ದುಡ್ಡಿನ ಸೆಟ್ಲ್‌ಮೆಂಟ್ ನಡಿಯಲ್ಲ. ಸೆಟ್ಲ್ ಆಗಿದ್ದು ಮಂಗಳವಾರ ಏಪ್ರಿಲ್ 2, ವಿತ್‌ಡ್ರಾ ರಿಕ್ವೆಸ್ಟ್ ಹಾಕಿ ನನ್ನ ಅಕೌಂಟಿಗೆ ಬಂದಿದ್ದು ಅದಾದ ಮೇಲೆ. ಅಷ್ಟೊತ್ತಿಗೆ ಬೋರ್ ಲಾರಿ ಪಕ್ಕದ ಊರಿಗೆ ಹೋಗಿತ್ತು, ಮತ್ತೆ ನಮ್ಮ ಸರದಿ ಬರೋಕೆ ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನ ಚಿಕ್ಕಪ್ಪ ಟ್ಯಾಂಕರ್ ನೀರು ತರಿಸಿ ಗಿಡಕ್ಕೆ ಹಾಕಿದ್ರು, ಒಂದು ಮಾತು ಆಡ್ಲಿಲ್ಲ ನನಗೆ.

ಅವತ್ತಿಂದ ನಾನು ದುಡ್ಡು ಬೇಕಾಗಿರೋ ದಿನದಿಂದ ಹಿಂದಕ್ಕೆ ಎಣಿಸ್ತೀನಿ. ನೀವೂ ಹಾಗೇ ಮಾಡಿ. ದುಡ್ಡು ಬೇಕಾಗಿರೋ ದಿನ ಬರ್ಕೊಳ್ಳಿ, ಬ್ಯಾಂಕ್‌ಗೆ ಬರೋಕೆ ಒಂದು ದಿನ ಬಿಡಿ, ಸೆಟ್ಲ್‌ಮೆಂಟ್‌ಗೆ ಒಂದು ದಿನ ಬಿಡಿ, ಮಧ್ಯದಲ್ಲಿ ಬರೋ ಶನಿವಾರ ಭಾನುವಾರ, ಟ್ರೇಡಿಂಗ್ ರಜೆ, ಸೆಟ್ಲ್‌ಮೆಂಟ್ ರಜೆ ಎಲ್ಲ ಹೊಡೆದುಹಾಕಿ, ಅಲ್ಲಿಂದ ಇನ್ನೂ ಒಂದು ದಿನ ಮುಂಚೆ ಮಾರಿ. ಎಕ್ಸ್‌ಚೇಂಜ್ ಪಟ್ಟಿಲಿ ಟ್ರೇಡಿಂಗ್ ಹಾಲಿಡೇ, ಕ್ಲಿಯರಿಂಗ್ ಹಾಲಿಡೇ (ಇದೇ ಸೆಟ್ಲ್‌ಮೆಂಟ್ ರಜೆ) ಅಂತ ಎರಡು ಬೇರೆ ಬೇರೆ ಪಟ್ಟಿ ಇರತ್ತೆ, ಎರಡನ್ನೂ ತೆಗೆದು ನೋಡಿ.

ಮಾರ್ಚ್ ಕೊನೆ ಬಗ್ಗೆ ಹೇಳ್ತಾ ಇದೀನಲ್ಲ, ಇದನ್ನೂ ಸೇರಿಸ್ಬಿಡ್ತೀನಿ. ಒಂದು ಹಣಕಾಸು ವರ್ಷದ ಲಾಭ ನಷ್ಟ ಅದೇ ವರ್ಷದ ಲೆಕ್ಕಕ್ಕೆ ಬರಬೇಕಂದ್ರೆ ಕೊನೆ ದಿನ ಮಾರ್ಚ್ 31 ಅಂತ ಕೂರ್ಬೇಡಿ. 2024ರಲ್ಲಿ ಕೊನೆ ಟ್ರೇಡಿಂಗ್ ದಿನ ಮಾರ್ಚ್ 28. 2025ರಲ್ಲೂ 28, ಯಾಕಂದ್ರೆ ಶನಿವಾರ ಭಾನುವಾರ ಆದ್ಮೇಲೆ 31 ಸೋಮವಾರ ರಂಜಾನ್ ರಜೆ ಬಂತು. ಲಾಂಗ್ ಟರ್ಮ್ ಲಾಭದಲ್ಲಿ (ವರ್ಷಕ್ಕೂ ಮೇಲೆ ಇಟ್ಟು ಮಾರಿದ ಷೇರಿನದು) ಟ್ಯಾಕ್ಸ್ ಇಲ್ಲದ 1.25 ಲಕ್ಷ ಬಳಸ್ಕೊಳ್ಳೋರು ಮಾರ್ಚ್ ಮೂರನೇ ವಾರದಲ್ಲೇ ಕೆಲಸ ಮುಗಿಸ್ಕೊಳ್ಳಿ.

ಹೆಜ್ಜೆ 4: ಅಮೆರಿಕಾ

ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್, ನಾಸ್ಡಾಕ್ ಎರಡಕ್ಕೂ ಅಲ್ಲಿನ 9:30ರಿಂದ 4. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲ ಭಾನುವಾರ ವಾಪಸ್ ತರ್ತಾರೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ನಾವು ಒಂಬತ್ತೂವರೆ ಗಂಟೆ ಮುಂದೆ, ಅಂದ್ರೆ ಸಂಜೆ 7ಕ್ಕೆ ಓಪನ್, ರಾತ್ರಿ 1:30ಕ್ಕೆ ಕ್ಲೋಸ್. ಉಳಿದ ತಿಂಗಳು ಹತ್ತೂವರೆ ಗಂಟೆ ಮುಂದೆ, ರಾತ್ರಿ 8ಕ್ಕೆ ಓಪನ್, 2:30ಕ್ಕೆ ಕ್ಲೋಸ್. 2026ರಲ್ಲಿ ಈ ಭಾನುವಾರಗಳು ಮಾರ್ಚ್ 8 ಮತ್ತೆ ನವೆಂಬರ್ 1. ಈ ಸಲ ರಾಜ್ಯೋತ್ಸವದ ದಿನವೇ ಅವರ ಗಡಿಯಾರ ತಿರುಗತ್ತೆ, ನೆನಪಿಟ್ಕೊಳ್ಳೋದು ಸುಲಭ.

ರಾತ್ರಿ 1:30 ಅಂದ್ರೆ ನಮ್ಮ ಲೆಕ್ಕದಲ್ಲಿ ತಾರೀಖು ಬದಲಾಗಿರತ್ತೆ, ಇದನ್ನ ಮರೀಬೇಡಿ. ಅಮೆರಿಕಾದ ಶುಕ್ರವಾರದ ಮಾರ್ಕೆಟ್ ಮುಗಿಯೋದು ನಮ್ಮ ಶನಿವಾರ ನಸುಕಿನಲ್ಲಿ. ಅದರ ಪ್ರಭಾವ ನಮ್ಮ ಮಾರ್ಕೆಟ್ ಮೇಲೆ ಕಾಣೋದು ಸೋಮವಾರ 9:15ಕ್ಕೆ.

ಅವರ ರಜೆಗಳು ವರ್ಷಕ್ಕೆ ಹತ್ತು ಮಾತ್ರ, ಅದರಲ್ಲಿ ಎಷ್ಟೋ ಸೋಮವಾರಗಳು. ಹೊಸ ವರ್ಷ, ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ, ಫೆಬ್ರವರಿ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ, ಗುಡ್ ಫ್ರೈಡೇ, ಮೇ ಕೊನೆ ಸೋಮವಾರ ಮೆಮೋರಿಯಲ್ ಡೇ, ಜೂನ್ 19 ಜೂನ್‌ಟೀಂತ್, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ, ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್. ಜೂನ್‌ಟೀಂತ್‌ಗೆ ಮಾರ್ಕೆಟ್ ಮುಚ್ಚೋಕೆ ಶುರು ಮಾಡಿದ್ದು 2022ರಿಂದ, ಹಳೆ ಪಟ್ಟಿ ಇಟ್ಕೊಂಡಿರೋರು ಸೇರಿಸ್ಕೊಳ್ಳಿ. ರಜೆ ಶನಿವಾರ ಬಿದ್ರೆ ಸಾಮಾನ್ಯವಾಗಿ ಶುಕ್ರವಾರಕ್ಕೆ ತರ್ತಾರೆ, ಭಾನುವಾರ ಬಿದ್ರೆ ಸೋಮವಾರಕ್ಕೆ. ನಮ್ಮಲ್ಲಿ ಹಬ್ಬ ಶನಿವಾರ ಭಾನುವಾರ ಬಂದ್ರೆ ರಜೆ ಹೋಯ್ತು ಅಷ್ಟೇ, ಅಲ್ಲಿ ಹಾಗಲ್ಲ. 2026ರ ಜುಲೈ 4 ಶನಿವಾರ, ಹಾಗಾಗಿ ಜುಲೈ 3 ಶುಕ್ರವಾರ ಪೂರ್ತಿ ಬಂದ್.

ಅರ್ಧ ದಿನಗಳೂ ಇವೆ. ಥ್ಯಾಂಕ್ಸ್‌ಗಿವಿಂಗ್ ಮರುದಿನ ಶುಕ್ರವಾರ, ಮತ್ತೆ ಡಿಸೆಂಬರ್ 24 ಕೆಲಸದ ದಿನ ಆಗಿದ್ರೆ ಅವತ್ತೂ, ಅಲ್ಲಿನ ಮಧ್ಯಾಹ್ನ 1ಕ್ಕೇ ಮುಚ್ತಾರೆ, ಅಂದ್ರೆ ನಮ್ಮ ರಾತ್ರಿ 11:30. ಊಟ ಮುಗಿಸಿ ಮಕ್ಕಳನ್ನ ಮಲಗಿಸಿ 12ಕ್ಕೆ ಲಾಗಿನ್ ಆಗೋರಿಗೆ ಅವತ್ತು ಏನೂ ಸಿಗಲ್ಲ.

ಇನ್ನು ಮಾರ್ಕೆಟ್ ಓಪನ್ ಇದ್ದು ಬ್ಯಾಂಕ್ ಇಲ್ಲದ ದಿನಗಳು ಅಲ್ಲೂ ಎರಡಿವೆ, ಅಕ್ಟೋಬರ್ ಎರಡನೇ ಸೋಮವಾರ ಕೊಲಂಬಸ್ ಡೇ ಮತ್ತೆ ನವೆಂಬರ್ 11 ವೆಟರನ್ಸ್ ಡೇ. ಷೇರು ಮಾರಬಹುದು, ಸೆಟ್ಲ್‌ಮೆಂಟ್ ದಿನ ಅಂತ ಅದನ್ನ ಎಣಿಸೋ ಹಾಗಿಲ್ಲ. ಅಮೆರಿಕಾ ಟಿ ಪ್ಲಸ್ ಒನ್‌ಗೆ ಬಂದಿದ್ದು 2024ರ ಮೇ 28ಕ್ಕೆ, ನಮಗಿಂತ ಒಂದು ವರ್ಷಕ್ಕೂ ಲೇಟಾಗಿ.

ಕಂಪನಿ ಕೊಟ್ಟ ಷೇರು ಮಾರೋರಿಗೆ ಒಂದು ಕಿವಿಮಾತು. ಬೆಳಗ್ಗೆ ಆಫೀಸಿಗೆ ಹೋಗ್ತಾ ಮೆಟ್ರೋದಲ್ಲಿ ಕೂತು ಮಾರ್ಕೆಟ್ ಆರ್ಡರ್ ಹಾಕಿಬಿಟ್ರೆ ಅದು ಸಂಜೆವರೆಗೂ ಕಾದು ಓಪನಿಂಗ್ ರೇಟಿಗೆ ಹೋಗತ್ತೆ, ಆ ಮೊದಲ ನಿಮಿಷಗಳಲ್ಲಿ ರೇಟು ಎಲ್ಲಿಗೆ ಬೇಕಾದ್ರೂ ಎಗರಬಹುದು. ಇಷ್ಟಕ್ಕಿಂತ ಕಮ್ಮಿಗೆ ಮಾರಲ್ಲ ಅಂತ ರೇಟು ಹೇಳೋ ಲಿಮಿಟ್ ಆರ್ಡರ್ ಹಾಕಿ, ಇಲ್ಲಾಂದ್ರೆ ಓಪನ್ ಆಗಿ ಅರ್ಧ ಗಂಟೆ ಆದ್ಮೇಲೆ ಕೂತು ಮಾರಿ. ಅಲ್ಲಿ 4ರಿಂದ 9:30 ಪ್ರೀ ಮಾರ್ಕೆಟ್, ಸಂಜೆ 4ರಿಂದ 8 ಆಫ್ಟರ್ ಅವರ್ಸ್ ಅಂತಲೂ ಇದೆ, ಆದ್ರೆ ಆಗ ಕೊಳ್ಳೋರು ಮಾರೋರು ಕಮ್ಮಿ, ರೇಟಿನ ಗ್ಯಾಪ್ ಜಾಸ್ತಿ, ಹೊಸಬರು ಆ ಹೊತ್ತಿಗೆ ಕೈ ಹಾಕದೇ ಇರೋದು ಒಳ್ಳೇದು.

ಇನ್ಫೋಸಿಸ್, ವಿಪ್ರೋ ಇಟ್ಕೊಂಡಿರೋರು ನ್ಯೂಯಾರ್ಕ್ ಟೈಮ್ ಯಾಕೆ ನೋಡ್ಬೇಕು?

ಇದು ನನಗೆ ತುಂಬಾ ಇಷ್ಟವಾದ ವಿಷಯ. ಇನ್ಫೋಸಿಸ್ 1999ರಲ್ಲಿ ನಾಸ್ಡಾಕ್‌ನಲ್ಲಿ ಲಿಸ್ಟ್ ಆಯ್ತು, ಭಾರತದಲ್ಲಿ ರಿಜಿಸ್ಟರ್ ಆದ ಕಂಪನಿಗಳಲ್ಲಿ ಅಲ್ಲಿಗೆ ಹೋಗಿದ್ದು ಅದೇ ಮೊದಲು. 2012ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ಬದಲಾಯಿಸ್ಕೊಂಡ್ರು. ವಿಪ್ರೋ 2000ದಿಂದ ಅಲ್ಲಿದೆ. ಅಲ್ಲಿ ನಡಿಯೋದು ಎಡಿಆರ್, ಅಂದ್ರೆ ಇಲ್ಲಿನ ಷೇರಿಗೆ ಬದಲಾಗಿ ಅಲ್ಲಿ ಡಾಲರ್‌ನಲ್ಲಿ ಮಾರೋ ರಸೀದಿ, ಒಂದು ಎಡಿಆರ್‌ಗೆ ಇಲ್ಲಿನ ಒಂದು ಷೇರು ಲೆಕ್ಕ. ಈಗ ನೋಡಿ, ಮಧ್ಯಾಹ್ನ 3:30ಕ್ಕೆ ನಮ್ಮ ಮಾರ್ಕೆಟ್ ಮುಚ್ಚಿದ ಮೇಲೆ ಕ್ವಾರ್ಟರ್ ರಿಸಲ್ಟ್ ಬಂತು ಅಂತಿಟ್ಕೊಳ್ಳಿ. ಇಲ್ಲಿ ಅದನ್ನ ಮಾರೋಕೂ ಆಗಲ್ಲ ಕೊಳ್ಳೋಕೂ ಆಗಲ್ಲ. ಆದ್ರೆ ಅವತ್ತೇ ಸಂಜೆ 7ಕ್ಕೆ ನ್ಯೂಯಾರ್ಕ್ ಓಪನ್ ಆದ ಕೂಡ್ಲೇ ರಿಸಲ್ಟ್ ಬಗ್ಗೆ ದುಡ್ಡಿಟ್ಟೋರು ಏನು ಅಂದ್ಕೊಂಡ್ರು ಅಂತ ಎಡಿಆರ್ ರೇಟಲ್ಲಿ ಕಾಣತ್ತೆ. ಬೆಳಗ್ಗೆ 9:15ಕ್ಕೆ ಇಲ್ಲಿ ಆಗೋ ಗ್ಯಾಪ್ ಅಪ್ಪೋ ಗ್ಯಾಪ್ ಡೌನೋ (ಹಿಂದಿನ ದಿನಕ್ಕಿಂತ ಮೇಲೋ ಕೆಳಗೋ ಓಪನ್ ಆಗೋದು), ಅದರ ಸುಳಿವು ರಾತ್ರಿನೇ ಸಿಕ್ಕಿರತ್ತೆ. ಡಾಲರ್ ರೇಟಿಂದ ಗುಣಿಸಿ ಹೋಲಿಸಿ ನೋಡಬಹುದು, ಆದ್ರೆ ಎರಡೂ ಕರೆಕ್ಟಾಗಿ ಒಂದೇ ಇರತ್ತೆ ಅಂತಲ್ಲ, ಎಡಿಆರ್ ಸ್ವಲ್ಪ ಜಾಸ್ತಿ ರೇಟಲ್ಲಿ ನಡಿಯೋದು ಮಾಮೂಲು. ದಿಕ್ಕು ನೋಡಿ, ಪೈಸೆ ನೋಡ್ಬೇಡಿ.

ನಮಗೆ ಹಬ್ಬದ ರಜೆ ಇದ್ದು ಅವರಿಗೆ ಇಲ್ಲದ ದಿನ ಇದು ಇನ್ನೂ ಮುಖ್ಯ. ಎರಡು ದಿನ ನಾವು ಹೋಳಿಗೆ ತಿಂತಾ ಇದ್ರೂ ನಮ್ಮ ಬೆಂಗಳೂರು ಕಂಪನಿಗಳ ರೇಟು ಅಲ್ಲಿ ಆಡ್ತಾನೇ ಇರತ್ತೆ.

ಹೆಜ್ಜೆ 5: ಲಂಡನ್, ಯೂರೋಪ್

ಲಂಡನ್ ಅಲ್ಲಿನ ಬೆಳಗ್ಗೆ 8ರಿಂದ ಸಂಜೆ 4:30. ಬೇಸಿಗೆಲಿ ನಮ್ಮ ಮಧ್ಯಾಹ್ನ 12:30ರಿಂದ ರಾತ್ರಿ 9, ಚಳಿಗಾಲದಲ್ಲಿ 1:30ರಿಂದ 10. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್ ಅಲ್ಲಿನ 9ರಿಂದ 5:30, ಅವರ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ ಇರೋದ್ರಿಂದ ನಮಗೆ ಎಲ್ಲ ಒಂದೇ ಹೊತ್ತು. ನಮ್ಮ ಮಾರ್ಕೆಟ್ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ದಿಕ್ಕು ಬದಲಾಯಿಸೋದನ್ನ ಗಮನಿಸಿದೀರಾ, ಎಷ್ಟೋ ಸಲ ಅದು ಯೂರೋಪ್ ಎದ್ದು ಕೂತ ಹೊತ್ತು.

ಇಲ್ಲಿ ಗಮನ ಇಡ್ಬೇಕಾಗಿರೋದು ಏನಂದ್ರೆ ಇವರು ಗಡಿಯಾರ ತಿರುಗಿಸೋದು ಮಾರ್ಚ್ ಕೊನೆ ಭಾನುವಾರ, ವಾಪಸ್ ತರೋದು ಅಕ್ಟೋಬರ್ ಕೊನೆ ಭಾನುವಾರ. ಅಮೆರಿಕಾದ್ದು ಬೇರೆ ಭಾನುವಾರ. 2026ರಲ್ಲಿ ಮಾರ್ಚ್ 9ರಿಂದ ನ್ಯೂಯಾರ್ಕ್ 7ಕ್ಕೆ ಬಂದುಬಿಡತ್ತೆ, ಆದ್ರೆ ಲಂಡನ್ ಮಾರ್ಚ್ 27ರ ತನಕ 1:30ಕ್ಕೇ, 30ರಿಂದ 12:30. ಅಕ್ಟೋಬರ್ 26ರ ವಾರದಲ್ಲಿ ಮತ್ತೆ ಉಲ್ಟಾ, ಲಂಡನ್ ಬದಲಾಗಿರತ್ತೆ, ನ್ಯೂಯಾರ್ಕ್ ಇನ್ನೂ ಬದಲಾಗಿರಲ್ಲ. ಈ ನಾಲ್ಕು ವಾರಗಳನ್ನ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಗುರುತು ಮಾಡ್ಕೊಳ್ಳಿ.

ರಜೆ ಅಂದ್ರೆ ಗುಡ್ ಫ್ರೈಡೇ ಜೊತೆಗೆ ಈಸ್ಟರ್ ಸೋಮವಾರನೂ ಅಲ್ಲಿ ಬಂದ್, ಅಮೆರಿಕಾ ಆ ಸೋಮವಾರ ಓಪನ್. ಡಿಸೆಂಬರ್ 25, 26 ಎರಡೂ ದಿನ ರಜೆ. ಬ್ರಿಟನ್‌ನಲ್ಲಿ ಮೇ ತಿಂಗಳಲ್ಲಿ ಎರಡು, ಆಗಸ್ಟ್ ಕೊನೆಗೆ ಒಂದು ಬ್ಯಾಂಕ್ ಹಾಲಿಡೇ ಸೋಮವಾರ. 2022ರ ಸೆಪ್ಟೆಂಬರ್ 19 ರಾಣಿ ಎಲಿಜಬೆತ್ ಅಂತ್ಯಕ್ರಿಯೆಗೆ ಲಂಡನ್ ಮುಚ್ತು, ನ್ಯೂಯಾರ್ಕ್ ಮುಚ್ಚಲಿಲ್ಲ. 2025ರ ಜನವರಿ 9ಕ್ಕೆ ಜಿಮ್ಮಿ ಕಾರ್ಟರ್ ಶೋಕಾಚರಣೆಗೆ ನ್ಯೂಯಾರ್ಕ್ ಮುಚ್ತು, ಲಂಡನ್ ಮುಚ್ಚಲಿಲ್ಲ. ಅವರವರ ಊರಿನ ದುಃಖ ಅವರವರ ಕ್ಯಾಲೆಂಡರ್‌ಗೆ.

ಹೆಜ್ಜೆ 6: ಬೆಳಗಿನ ಏಷ್ಯಾ

ನಾವು ಹಾಲು ತರೋಕೆ ಹೋಗೋ ಹೊತ್ತಿಗೆ ಟೋಕಿಯೋ ಓಪನ್. ಅಲ್ಲಿನ 9ರಿಂದ 11:30, ಮಧ್ಯೆ ಒಂದು ಗಂಟೆ ಊಟದ ಬಿಡುವು, ಆಮೇಲೆ 12:30ರಿಂದ 3:30. ನಮಗೆ ಬೆಳಗ್ಗೆ 5:30ರಿಂದ 8, ಮತ್ತೆ 9ರಿಂದ 12. ಮೊದಲು 3 ಗಂಟೆಗೆ ಮುಗಿಸ್ತಿದ್ರು, 2024ರ ನವೆಂಬರ್ 5ರಿಂದ ಅರ್ಧ ಗಂಟೆ ಜಾಸ್ತಿ ಮಾಡಿದ್ರು. ಏಪ್ರಿಲ್ 29ರಿಂದ ಮೇ 5ರ ಆಸುಪಾಸಿನ ಗೋಲ್ಡನ್ ವೀಕ್‌ನಲ್ಲಿ ಸಾಲಾಗಿ ರಜೆ ಬರತ್ತೆ, 2019ರಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ವಾರಾಂತ್ಯ ಸೇರಿ ಹತ್ತು ದಿನ ಟೋಕಿಯೋ ಬಾಗಿಲೇ ತೆಗೀಲಿಲ್ಲ. ಡಿಸೆಂಬರ್ 31ರಿಂದ ಜನವರಿ 3ರವರೆಗೂ ಮುಚ್ಚಿರತ್ತೆ.

ಹಾಂಗ್‌ಕಾಂಗ್ ನಮ್ಮ 7ರಿಂದ 9:30, ಮತ್ತೆ 10:30ರಿಂದ 1:30. ಶಾಂಘೈ 7ರಿಂದ 9, ಮತ್ತೆ 10:30ರಿಂದ 12:30. ಗಮನಿಸಿ, ನಮ್ಮ ಮಾರ್ಕೆಟ್ 9:15ಕ್ಕೆ ಓಪನ್ ಆಗೋವಾಗ ಶಾಂಘೈ ಊಟಕ್ಕೆ ಎದ್ದಿರತ್ತೆ, ಹಾಗಾಗಿ ಅಲ್ಲಿನ ಇಂಡೆಕ್ಸ್ ಅಲ್ಲಾಡದೇ ನಿಂತಿದ್ರೆ ಗಾಬರಿ ಬೇಡ. ಸಿಂಗಾಪುರ 6:30ರಿಂದ 9:30, 10:30ರಿಂದ 2:30. ಸಿಡ್ನಿ ಅಲ್ಲಿನ 10ರಿಂದ 4, ಅಲ್ಲಿ ಬೇಸಿಗೆ ಚಳಿಗಾಲ ತಿರುಗುಮುರುಗು, ಅಕ್ಟೋಬರ್‌ನಿಂದ ಏಪ್ರಿಲ್ ಶುರುವರೆಗೆ ನಮ್ಮ 4:30ರಿಂದ 10:30, ಉಳಿದಾಗ 5:30ರಿಂದ 11:30.

ಚೀನಾದಲ್ಲಿ ಚಾಂದ್ರಮಾನ ಹೊಸ ವರ್ಷಕ್ಕೆ ಒಂದು ವಾರಕ್ಕೂ ಮಿಕ್ಕಿ ರಜೆ, ಅಕ್ಟೋಬರ್ 1ರಿಂದ ಮತ್ತೊಂದು ವಾರ. ಆ ರಜೆಗೆ ಬದಲಾಗಿ ಆಫೀಸುಗಳು ಯಾವುದೋ ಶನಿವಾರ ಭಾನುವಾರ ಕೆಲಸ ಮಾಡತ್ವೆ, ಆದ್ರೆ ಷೇರು ಮಾರ್ಕೆಟ್ ಆ ಶನಿವಾರ ಭಾನುವಾರ ತೆಗೆಯಲ್ಲ. ಹಾಂಗ್‌ಕಾಂಗ್‌ನಲ್ಲಿ ಮೊದಲೆಲ್ಲ ಟೈಫೂನ್ 8ನೇ ನಂಬರ್ ಸಿಗ್ನಲ್ ಹಾಕಿದ್ರೆ ಟ್ರೇಡಿಂಗ್ ನಿಲ್ಸೋರು, 2024ರ ಸೆಪ್ಟೆಂಬರ್ 23ರಿಂದ ಬಿರುಗಾಳಿ ಬಂದ್ರೂ ನಡೆಸ್ತಾರೆ. ಸಿಂಗಾಪುರದಲ್ಲಿ ದೀಪಾವಳಿಗೆ ರಜೆ ಇದೆ, ಆದ್ರೆ ಅವರ ದೀಪಾವಳಿ ತಮಿಳರ ಲೆಕ್ಕ. 2025ರಲ್ಲಿ ಅಕ್ಟೋಬರ್ 20ಕ್ಕೆ ಅಲ್ಲಿ ಬಂದ್, ಮುಂಬೈ ಓಪನ್!

ಬೆಳಗ್ಗೆ ಎದ್ದ ತಕ್ಷಣ ನಮ್ಮ ಮಾರ್ಕೆಟ್ ಹೇಗೆ ಓಪನ್ ಆಗಬಹುದು ಅಂತ ನೋಡೋಕೆ ಗಿಫ್ಟ್ ನಿಫ್ಟಿ ಇದೆ, ಅದು ನಿಫ್ಟಿ ಮೇಲಿನ ಫ್ಯೂಚರ್ಸ್. ಮೊದಲು ಸಿಂಗಾಪುರದಲ್ಲಿ ಎಸ್‌ಜಿಎಕ್ಸ್ ನಿಫ್ಟಿ ಅಂತ ನಡೀತಿತ್ತು, 2023ರ ಜುಲೈ 3ರಿಂದ ಗುಜರಾತಿನ ಗಿಫ್ಟ್ ಸಿಟಿಗೆ ಬಂತು. ಬೆಳಗ್ಗೆ 6:30ರಿಂದ ಮಧ್ಯಾಹ್ನ 3:40, ಮತ್ತೆ 4:35ರಿಂದ ರಾತ್ರಿ 2:45.

ಹೆಜ್ಜೆ 7: ಗಲ್ಫ್ ಕಡೆಯವ್ರಿಗೆ

ಸೌದಿ ಮಾರ್ಕೆಟ್ ಭಾನುವಾರದಿಂದ ಗುರುವಾರ, ಶುಕ್ರವಾರ ಶನಿವಾರ ರಜೆ. ಅಲ್ಲಿನ 10ರಿಂದ 3, ನಮ್ಮ 12:30ರಿಂದ 5:30. ದುಬೈ, ಅಬುಧಾಬಿ ಕೂಡ ಮೊದಲು ಹಾಗೇ ಇತ್ತು, 2022ರ ಜನವರಿಯಿಂದ ಸೋಮವಾರದಿಂದ ಶುಕ್ರವಾರಕ್ಕೆ ಬದಲಾಯ್ತು, ನಮ್ಮ 11:30ರಿಂದ 4:30. ಈದ್ ರಜೆ ಚಂದ್ರ ಕಂಡ ಮೇಲೆ ಖಚಿತ ಆಗೋದು, ಒಂದು ದಿನ ಹಿಂದೆ ಮುಂದೆ ಆಗಬಹುದು, ಆ ವಾರ ದುಡ್ಡಿನ ತುರ್ತು ಕೆಲಸ ಇಟ್ಕೋಬೇಡಿ.

ಹೆಜ್ಜೆ 8: ಈಗ ಆ ಪೇಪರ್ ತೆಗೀರಿ

ಎಲ್ಲ ದೇಶ ಬರೀಬೇಡಿ, ನಿಮ್ಮ ದುಡ್ಡು ಇರೋ ದೇಶ ಮಾತ್ರ. ಒಂದೊಂದಕ್ಕೂ ಅಲ್ಲಿನ ಲೋಕಲ್ ಟೈಮ್ ಬರೀರಿ, ಪಕ್ಕದಲ್ಲಿ ನಮ್ಮ ಟೈಮ್, ಗಡಿಯಾರ ತಿರುಗೋ ದೇಶ ಆದ್ರೆ ಎರಡೂ ಟೈಮ್ ಮತ್ತೆ ತಿರುಗೋ ಎರಡು ಭಾನುವಾರ. ಕೆಳಗೆ ಆ ವರ್ಷದ ಟ್ರೇಡಿಂಗ್ ರಜೆ, ಅದರ ಪಕ್ಕ ಸೆಟ್ಲ್‌ಮೆಂಟ್ ರಜೆ, ಅರ್ಧ ದಿನಗಳಿಗೆ ಒಂದು ಸ್ಟಾರ್. ಆಮೇಲೆ ಫೋನ್ ಕ್ಯಾಲೆಂಡರ್‌ಗೆ ಹಾಕೋವಾಗ ಒಂದು ವಿಷಯ ನೋಡ್ಕೊಳ್ಳಿ, "ನ್ಯೂಯಾರ್ಕ್ ಓಪನ್" ಅಂತ ರಿಮೈಂಡರ್ ಇಡೋದಾದ್ರೆ ಟೈಮ್ ಝೋನ್ ನ್ಯೂಯಾರ್ಕ್ ಅಂತ ಆರಿಸಿ 9:30ಕ್ಕೆ ಇಡಿ. ಹಾಗಿಟ್ರೆ ನವೆಂಬರ್‌ನಲ್ಲಿ ಅದು ತಾನಾಗೇ 8 ಗಂಟೆಗೆ ಹೊಡ್ಕೊಳ್ಳತ್ತೆ.

ಉದ್ದ ರಜೆಗೆ ಮುಂಚಿನ ದಿನ ಮಧ್ಯಾಹ್ನ 3ಕ್ಕೆ ಇನ್ನೊಂದು ರಿಮೈಂಡರ್ ಇಡಿ. ಆ ಹೊತ್ತಲ್ಲಿ ನೋಡ್ಬೇಕಾಗಿದ್ದು ಮೂರು: ನಾವು ಮುಚ್ಚಿರೋವಾಗ ಯಾವ ಮಾರ್ಕೆಟ್ ಓಪನ್ ಇರತ್ತೆ, ನನ್ನ ಯಾವ ಪೊಸಿಷನ್‌ಗೆ ಅದರಿಂದ ಏಟು ಬೀಳಬಹುದು, ಮುಂದಿನ ವಾರ ಯಾರಿಗಾದ್ರೂ ದುಡ್ಡು ಕೊಡ್ಬೇಕಾ. ಮೂರನೇದಕ್ಕೆ ಹೌದು ಅನ್ನೋ ಉತ್ತರ ಬಂದ್ರೆ 3:30 ಆಗೋಕೆ ಇನ್ನೂ ಅರ್ಧ ಗಂಟೆ ಇದೆ, ಅವತ್ತೇ ಮಾರಿ.